ನನಗೆ ನೋಡಿಟ್ಟಿದ್ದ ಗಂಡು

ನನಗೆ ಕೊನೆಯ ಸಂಬಂಧ ಕೂಡಿಬಂದದ್ದು ನಾನು ತಲೆಯಲ್ಲಿ ಒಂದೇ ಒಂದು ಕೂದಲಿಲ್ಲದೆ, ಬಾಯಿಯ ತುಂಬ ಹುಣ್ಣು ಮಾಡಿಕೊಂಡು, ಕಾಪುವಿನ ನಮ್ಮ ಮನೆಯ ಒಳಕೋಣೆಯಲ್ಲಿ ಮಲಗಿದ್ದಾಗ. ಗಂಡಿನ ತಾಯಿ ಬಂದು ನನ್ನನ್ನು ನೋಡಿ ಹೋದರು. ಒಪ್ಪಿಗೆಯಾಯಿತಂತೆ. ಗಂಡು ಸತ್ತು ಕೆಲವು ವರ್ಷಗಳಾಗಿದ್ದವು. ನಾನು ಸಾಯುವುದೊಂದು ಬಾಕಿ ಇತ್ತು.

ಇದನ್ನು ಬರೆಯುವಾಗಲೂ ನನಗೆ ಸಿಟ್ಟೇ ಬರುತ್ತದೆ. ದೊಡ್ಡ ಕಾಯಿಲೆಯಿಂದ ಎದ್ದು ಬಂದವರ ಮನಸ್ಸು ಮೆತ್ತಗಾಗುತ್ತದೆ, ಎಲ್ಲರನ್ನೂ ಕ್ಷಮಿಸಿಬಿಡುತ್ತಾರೆ ಎಂದು ಜನ ಹೇಳುತ್ತಾರೆ. ನನಗೆ ಹಾಗಾಗಲಿಲ್ಲ. ನನ್ನ ಹಾಗೆ ಸಿಟ್ಟು ಇಳಿಯದವರು ಇನ್ನೂ ಎಷ್ಟೋ ಮಂದಿ ಇರಬಹುದು. ತಮ್ಮಲ್ಲೇ ಏನೋ ಕೊರತೆ ಎಂದುಕೊಂಡು ಬಾಯಿಮುಚ್ಚಿ ಕುಳಿತಿರಬಹುದು. ಅವರಿಗಾಗಿ ಬರೆಯುತ್ತಿದ್ದೇನೆ.

ನನ್ನ ಹೆಸರು ಸುಜಯಾ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮೈದಾನದ ಈ ತುದಿಯಿಂದ ಕೂಗಿದರೆ ಆ ತುದಿಯ ಮಕ್ಕಳು ನಿಲ್ಲಬೇಕು, ಅಂಥ ಗಂಟಲು ನನ್ನದು. ನಾನು ಮದುವೆಯಾಗಲಿಲ್ಲ. ಅದರ ಹಿಂದೆ ಕಣ್ಣೀರಿನ ಕಥೆ ಹುಡುಕಿದವರೆಲ್ಲ ನಿರಾಶರಾಗಿದ್ದಾರೆ. ಬಂದ ಸಂಬಂಧಗಳು ನನಗೆ ಹಿಡಿಸಲಿಲ್ಲ, ಆಮೇಲೆ ಸಂಬಂಧಗಳು ಬರುವುದು ನಿಂತಿತು, ನಿಂತದ್ದು ನನಗೆ ಸಮಾಧಾನವೇ ಆಯಿತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ ಮತ್ತು ನಾನು. ಅಕ್ಕ ವಿನೋದಾಳನ್ನು ಕೊಟ್ಟದ್ದು ಉಡುಪಿಯ ಕಡಿಯಾಳಿಗೆ. ಅವಳ ಒಬ್ಬಳೇ ಮಗಳು ದೀಕ್ಷಾ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ.

ಕುತ್ತಿಗೆಯ ಎಡಬದಿಯಲ್ಲಿ ಗಂಟು ಕಂಡಾಗ ಸೀಟಿ ಊದಿ ಊದಿ ನರ ಊದಿಕೊಂಡಿರಬೇಕು ಎಂದು ನಾನೇ ತಮಾಷೆ ಮಾಡಿದ್ದೆ. ಗಂಟಿನ ಪಕ್ಕ ಇನ್ನೊಂದು ಗಂಟು ಎದ್ದಿತು. ಸಂಜೆಯಾದರೆ ಜ್ವರ, ಬೆಳಿಗ್ಗೆ ಬೆವರಿನಲ್ಲಿ ತೊಯ್ದ ದಿಂಬು. ಮಣಿಪಾಲದ ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷಿಸಿ ಲಿಂಫೋಮಾ ಎಂದರು. ಒಂದು ಬಗೆಯ ಕ್ಯಾನ್ಸರ್. ಹೇಳಿದ ಡಾಕ್ಟರ್ ನನಗಿಂತ ಚಿಕ್ಕ ಹೆಂಗಸು. ನನ್ನ ಮುಖ ನೋಡಿ ಹೇಳಿದಳು, ಅಮ್ಮನ ಮುಖ ನೋಡಿ ಅಲ್ಲ. ಆ ಮರ್ಯಾದೆಯನ್ನು ನಾನು ಮರೆತಿಲ್ಲ. ಏಕೆಂದರೆ ಆಮೇಲೆ ನನ್ನ ವಿಷಯ ಮಾತಾಡಿದವರೆಲ್ಲ ನನ್ನನ್ನು ಬಿಟ್ಟು ಬೇರೆ ಯಾರದೋ ಮುಖ ನೋಡಿಯೇ ಮಾತಾಡಿದರು.

ಹೊರಗೆ ಬಂದು ಅಮ್ಮ ಕಾಯುವ ಕುರ್ಚಿಯಲ್ಲಿ ಕುಸಿದಳು. ನಾವು ಮನೆಯಲ್ಲಿ ಆಡುವುದು ತುಳು, ಅವಳು ಅತ್ತದ್ದೂ ತುಳುವಿನಲ್ಲೇ. "ನಿನಗೆ ಒಬ್ಬ ಗಂಡ ಇದ್ದಿದ್ದರೆ!" ಎಂದಳು.

"ಗಂಡ ಇದ್ದಿದ್ದರೆ ಗಂಟು ಬರ್ತಿರಲಿಲ್ವಾ ಅಮ್ಮ?"

ಪಕ್ಕದಲ್ಲಿ ಟೋಕನ್ ಹಿಡಿದು ಕುಳಿತಿದ್ದವರು ತಿರುಗಿ ನೋಡಿದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನೋಡಲು ಬಂದವರು ಅಮ್ಮನಿಗಿಂತ ಮುಂದೆ ಹೋದರು. ಒಬ್ಬರು ಅಂಬಲಪಾಡಿಯ ದೇವಸ್ಥಾನದಲ್ಲಿ ಹರಕೆ ಹೊತ್ತೆವು ಎಂದರು, ಅದಕ್ಕೆ ನನ್ನ ತಕರಾರಿರಲಿಲ್ಲ, ನಾನೂ ಕೈಮುಗಿಯುವವಳೇ. ಆದರೆ ದೂರದ ಸಂಬಂಧದ ಒಬ್ಬ ಅತ್ತೆ ನನ್ನ ಹಾಸಿಗೆಯ ಅಂಚಿನಲ್ಲೇ ಕುಳಿತು ಅಮ್ಮನಿಗೆ ಹೇಳಿದರು, "ಒಂದು ಲೆಕ್ಕದಲ್ಲಿ ಒಳ್ಳೆಯದೇ ಅಕ್ಕ. ಹಿಂದೆ ಅಳುವ ಮಕ್ಕಳಿಲ್ಲ, ಮರಿಗಳಿಲ್ಲ."

"ನಾನು ಇನ್ನೂ ಹೋಗಿಲ್ಲ. ನಿಮಗೆ ಚಹಾ ಆಯ್ತಲ್ಲ, ನೀವು ಹೋಗಬಹುದು" ಎಂದೆ.

ಕೀಮೊ ಹಾಕುವ ವಾರ್ಡಿನಲ್ಲಿ ಸಾಲಾಗಿ ಕುರ್ಚಿಗಳು. ನನ್ನ ಪಕ್ಕದ ಕುರ್ಚಿಗೆ ಹೆಚ್ಚಾಗಿ ಬರುತ್ತಿದ್ದದ್ದು ಪಡುಬಿದ್ರಿಯ ಜೊಹರಾ. ನನಗಿಂತ ಹಿರಿಯಳು, ಹೊಟ್ಟೆಯ ಕ್ಯಾನ್ಸರ್. ಕೈಗೆ ಸೂಜಿ ಚುಚ್ಚುವಾಗಲೂ ಮಾತು ನಿಲ್ಲಿಸದ ಹೆಂಗಸು. ಒಂದು ದಿನ ಅವಳು ಹಜ್ಜಿಗೆ ಹೋದಾಗ ತಂದಿಟ್ಟ ಬಟ್ಟೆಯ ವಿಷಯ ಹೇಳಿದಳು.

"ನನ್ನ ಕಫನಿನ ಬಟ್ಟೆ ನಾನೇ ತಂದಿಟ್ಟಿದ್ದೇನೆ ಟೀಚರ್, ಸತ್ತರೆ ಸುತ್ತುವ ಬಟ್ಟೆ. ಮಕ್ಕಾದ ಜಮ್ ಜಮ್ ನೀರಿನಲ್ಲಿ ಅದ್ದಿ, ಒಣಗಿಸಿ, ಮಡಚಿ ಕಪಾಟಿನಲ್ಲಿ ಉಂಟು. ಎಲ್ಲಿ ಉಂಟು ಅಂತ ಮಗನಿಗೆ ತೋರಿಸಿದೆ. ಅವನು ಎದ್ದು ಹೊರಗೆ ಹೋದ. ಸಿಟ್ಟು ಅವನಿಗೆ."

"ನಿಮಗೆ ಹೆದರಿಕೆ ಆಗುವುದಿಲ್ವಾ?"

"ಆಗ್ತದೆ. ಆದರೆ ಬಟ್ಟೆಯ ಹೆದರಿಕೆ ಇಲ್ಲ. ಅದೊಂದು ಮುಗೀತಲ್ಲ."

ನಾನು ಬಾಟಲಿಯಿಂದ ಮದ್ದಿನ ಹನಿ ಬೀಳುವುದನ್ನು ನೋಡುತ್ತ ಕುಳಿತೆ. ನನ್ನದು ಏನು ಎಂದು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಸುಡುವುದು ಎಲ್ಲಿ, ಕೊಳ್ಳಿ ಇಡುವವರು ಯಾರು, ಉಸಿರು ನಿಲ್ಲುವಾಗ ಗಂಟಲಿಗೆ ಕೊಳವೆ ತುರುಕಬೇಕೋ ಬೇಡವೋ. ಅವತ್ತು ಮನೆಗೆ ಬರುವ ದಾರಿಯಲ್ಲಿ ಅಮ್ಮನ ಹತ್ತಿರ ಮಾತು ತೆಗೆದೆ. "ಬಿಡ್ತು ಅನ್ನು!" ಎಂದು ಕಾರಿನಲ್ಲಿಯೇ ಕಿವಿ ಮುಚ್ಚಿಕೊಂಡಳು.

ಕಿವಿ ಮುಚ್ಚಿಕೊಂಡವಳು ನನ್ನ ಬೆನ್ನ ಹಿಂದೆ ಏನು ಮಾತಾಡುತ್ತಿದ್ದಳು ಎಂದು ಗೊತ್ತಾದದ್ದು ಆಮೇಲೆ.

ಮೂರನೆಯ ಕೀಮೊ ಆದ ಮೇಲೆ ರಕ್ತದಲ್ಲಿ ಬಿಳಿಕಣ ಪೂರ್ತಿ ಇಳಿದು, ಸೋಂಕು ಹತ್ತಿ, ನನ್ನನ್ನು ಐಸಿಯುಗೆ ಹಾಕಿದರು. ಅಲ್ಲಿಯ ನೆನಪು ಕಡಿಮೆ. ಒಬ್ಬಳು ನರ್ಸ್ ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದದ್ದು, ಗಾಜಿನಾಚೆ ದೀಕ್ಷಾಳ ಮುಖ, ಅಷ್ಟೇ. ನಾನು ಉಳಿಯುವುದು ಕಷ್ಟ ಎಂದು ಮನೆಯವರೆಲ್ಲ ಅಂದುಕೊಂಡರಂತೆ. ಉಳಿದೆ. ಮನೆಗೆ ಬಂದೆ. ಬಂದ ಕೆಲವು ದಿನಕ್ಕೆ ಕಾರ್ಕಳದ ಕಡೆಯಿಂದ ಒಬ್ಬ ಹೆಂಗಸು ನನ್ನನ್ನು ನೋಡಲು ಬಂದರು. ನಮ್ಮ ಕುಟುಂಬದ ಮನೆ, ಎಂದರೆ ಅಮ್ಮನ ಕಡೆಯ ಮೂಲಮನೆ, ಇರುವುದೂ ಕಾರ್ಕಳದ ಹತ್ತಿರ, ಹಾಗಾಗಿ ಯಾರೋ ಸಂಬಂಧಿಕರು ಎಂದುಕೊಂಡೆ. ಅಮ್ಮ ಅವರಿಗೆ ಕುರ್ಚಿ ಹಾಕಿ, ಯಾರೆಂದು ನನಗೆ ಹೇಳದೆ ಅಡಿಗೆಮನೆಗೆ ಹೋದಳು.

ಹೆಂಗಸು ಸೇಬು, ಎಳನೀರು ತಂದಿದ್ದರು. ನನ್ನನ್ನು ನೋಡಿದರು. ಕಾಯಿಲೆಯವರನ್ನು ನೋಡುವವರು ಕಣ್ಣು ತಪ್ಪಿಸುತ್ತಾರೆ. ಇವರು ತಪ್ಪಿಸಲಿಲ್ಲ. ಕೈ, ಕಾಲು, ಹಣೆ ಎಲ್ಲ ನೋಡಿದರು. ನನ್ನ ನಕ್ಷತ್ರ ಕೇಳಿದರು. ಮೀನು ತಿನ್ನುತ್ತೀಯಾ ಎಂದರು. "ನನ್ನ ಮಗನಿಗೆ ಬೂತಾಯಿ ಅಂದರೆ ಜೀವ" ಎಂದು ಫೋನಿನಲ್ಲಿ ಒಬ್ಬ ಹುಡುಗನ ಫೋಟೋ ತೋರಿಸಿದರು. ಬೈಕಿನ ಮೇಲೆ ಕುಳಿತು ನಗುವ ಹುಡುಗ, ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದ ವಯಸ್ಸು. ನನ್ನ ಹಳೆಯ ವಿದ್ಯಾರ್ಥಿಯಂತೆ ಕಂಡ.

"ಎಲ್ಲಿದ್ದಾನೆ ಈಗ?" ಎಂದೆ.

"ಇಲ್ಲ. ಅದೇ ಬೈಕು" ಎಂದರು. ಹೊರಡುವಾಗ ನನ್ನ ಬೋಳುತಲೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತರು. ಪಾಪ, ಮಗನನ್ನು ಕಳೆದುಕೊಂಡ ತಾಯಿ ಎಂದು ನಾನು ಆ ಕೈಯನ್ನು ಸಹಿಸಿಕೊಂಡೆ.

ಮರುದಿನ ಮಧ್ಯಾಹ್ನ ವಾಮನ ಮಾವ ಬಂದರು. ಅಮ್ಮನ ಅಣ್ಣ, ಕುಟುಂಬದ ಹಿರಿಯ. ಕುಟುಂಬವನ್ನು ಕಾಯುವ ದೈವದ ಮುಂದೆ ನಮ್ಮೆಲ್ಲರ ಪರವಾಗಿ ಪ್ರಾರ್ಥನೆ ಹೇಳುವವರು ಅವರೇ. ಅಕ್ಕನೂ ಬಂದಿದ್ದಳು. ನಾನು ನಿದ್ದೆಯಲ್ಲಿದ್ದೇನೆ ಎಂದುಕೊಂಡು ಅಮ್ಮನೊಂದಿಗೆ ಚಾವಡಿಯಲ್ಲಿ ಕುಳಿತು ಮಾತಿಗಿಳಿದರು.

"ಅವರದ್ದು ಬರಿ ಬೇರೆ, ನಮ್ಮದು ಬೇರೆ. ತೊಂದರೆ ಇಲ್ಲ" ಎಂದರು ಮಾವ. ಬರಿ ಎಂದರೆ ನಮ್ಮಲ್ಲಿ ಮನೆತನದ ಮೂಲ. ಒಂದೇ ಬರಿಯವರ ಮಧ್ಯೆ ಮದುವೆಯಿಲ್ಲ. "ಹೆಂಗಸಿಗೆ ಇವಳು ಮನಸ್ಸಿಗೆ ಬಂದಿದ್ದಾಳಂತೆ. ಎಂತದಾದರೂ ಹೆಚ್ಚುಕಡಿಮೆ ಆದರೆ, ವರ್ಷ ಕಳೆದ ಕೂಡಲೇ ಮುಗಿಸಿಬಿಡುವ. ದೀಕ್ಷಾಳ ಮದುವೆಗೆ ಮೊದಲೇ ಆಗಬೇಕು."

"ಹುಡುಗ ತುಂಬಾ ಚಿಕ್ಕವನಲ್ವಾ ಮಾವ?" ಅಕ್ಕನ ಸ್ವರ.

"ಅಲ್ಲಿ ವಯಸ್ಸು ಎಂತ ವಿನೋದಾ?"

ನಮ್ಮ ಕಡೆ, ಮದುವೆಯಾಗದೆ ಸತ್ತವರಿಗೆ ಮದುವೆ ಮಾಡಿಸುವ ಕ್ರಮ ಉಂಟು. ಸತ್ತವರ ಜೀವಕ್ಕೆ ತುಳುವಿನಲ್ಲಿ ಕುಲೆ ಎನ್ನುತ್ತೇವೆ. ಕುಲೆಗೆ ಮದುವೆಯಾಗದಿದ್ದರೆ ಮನೆಯಲ್ಲಿ ಉಳಿದವರ ಮದುವೆಗೆ ಅಡ್ಡಿಯಾಗುತ್ತದೆ ಎಂದು ನಂಬಿಕೆ. ಹಾಗಾಗಿ ಇನ್ನೊಂದು ಮನೆಯಲ್ಲಿ ಹಾಗೆಯೇ ಸತ್ತ ಗಂಡನ್ನೋ ಹೆಣ್ಣನ್ನೋ ಹುಡುಕಿ, ಸೀರೆ, ಕರಿಮಣಿ, ಪಂಚೆ ಎಲ್ಲ ಇಟ್ಟು, ಧಾರೆಯೆರೆದು, ಊಟ ಹಾಕುತ್ತಾರೆ. ಅಕ್ಕನಿಗಿಂತ ಮೊದಲು ಅಮ್ಮನಿಗೆ ಒಂದು ಹೆಣ್ಣು ಹುಟ್ಟಿ ಹಸುಗೂಸಾಗಿದ್ದಾಗಲೇ ಹೋಗಿತ್ತು. ಅಕ್ಕನಿಗೆ ಬಂದ ಸಂಬಂಧಗಳೆಲ್ಲ ತಪ್ಪಿದಾಗ ಆ ಮಗುವಿಗೂ ಹೀಗೆಯೇ ಮದುವೆ ಮಾಡಿದರು. ನಾನಾಗ ಶಾಲೆಗೆ ಹೋಗುವ ಹುಡುಗಿ. ನನ್ನನ್ನು ಒಳಗೆ ಬಿಡಲಿಲ್ಲ. ಮದುವೆಯಾಗದವರು ಆ ಮದುವೆ ನೋಡಬಾರದಂತೆ. ನೋಡಬಾರದು, ಆದರೆ ಸತ್ತರೆ ಮದುಮಗಳಾಗಬಹುದು.

ಗೋಡೆ ಹಿಡಿದು ಚಾವಡಿಗೆ ಬಂದೆ. ಟೊಪ್ಪಿಯನ್ನೂ ಹಾಕಿಕೊಳ್ಳಲಿಲ್ಲ.

"ಮಾವ, ಹುಡುಗ ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗಿಂತ ಸ್ವಲ್ಪ ದೊಡ್ಡವನು ಅಷ್ಟೇ. ಡ್ರಿಲ್ ಮಾಡಿಸಲಿಕ್ಕೆ ಕಳಿಸುತ್ತಿದ್ದೀರೋ, ಸಂಸಾರ ಮಾಡಲಿಕ್ಕೋ?"

ಮೂವರೂ ಎದ್ದು ನಿಂತರು. ಅಕ್ಕ ನನ್ನ ತೋಳು ಹಿಡಿಯಲು ಬಂದಳು, ಕೊಡವಿದೆ. ಆವತ್ತು ನಾನು ಏನೆಲ್ಲ ಹೇಳಿದೆ ಎಂದು ಪೂರ್ತಿ ನೆನಪಿಲ್ಲ. ಬಾಯಿಹುಣ್ಣು ಒಡೆದು ರಕ್ತದ ರುಚಿ ಬಂದದ್ದು ನೆನಪುಂಟು. ಇಷ್ಟು ವರ್ಷ ಜೀವಂತ ಗಂಡಸರನ್ನು ಬೇಡ ಎಂದವಳು ಸತ್ತವನನ್ನು ಒಪ್ಪುತ್ತೇನೆ ಎಂದು ನಿಮಗೆ ಯಾರು ಹೇಳಿದರು, ಎಂದೆ. ನನ್ನ ಹತ್ತಿರ ಸಾವಿನ ಮಾತೇ ಎತ್ತಬಾರದು, ನಿಮ್ಮೊಳಗೆ ನನ್ನ ದಿಬ್ಬಣ ಹೊರಡಬಹುದು, ಅಲ್ವಾ, ಎಂದೆ. ಆ ಹೆಂಗಸನ್ನು ನನ್ನ ಹಾಸಿಗೆಯ ಹತ್ತಿರ ಬಿಟ್ಟ ಅಮ್ಮನನ್ನು ಅವತ್ತು ನೋಡಲೂ ಮನಸ್ಸಾಗಲಿಲ್ಲ.

ಮಾವ ಜೋರು ಮಾಡಲಿಲ್ಲ. "ನಿನಗೆ ಹುಷಾರಿಲ್ಲ. ಮತ್ತೆ ಮಾತಾಡುವ" ಎಂದು ಚಪ್ಪಲಿ ಮೆಟ್ಟಿದರು. ಅದೇ ನನ್ನನ್ನು ಹೆಚ್ಚು ಉರಿಸಿದ್ದು. ಸಿಟ್ಟನ್ನೂ ಕಾಯಿಲೆಯ ಲೆಕ್ಕಕ್ಕೆ ಹಾಕಿಬಿಟ್ಟರು.

ಅವರು ಹೋದ ಮೇಲೆ ಅಮ್ಮ ಗಂಜಿ ತಂದಳು. ಮುಟ್ಟಲಿಲ್ಲ. ಅವಳು ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು.

"ಅಲ್ಲಿ ನೀನು ಒಬ್ಬಳೇ ಆಗ್ತಿ ಅಂತ ನನಗೆ ಹೆದರಿಕೆ" ಎಂದಳು.

"ಇಲ್ಲಿಯೂ ಒಬ್ಬಳೇ ಇದ್ದೆ. ಎಂತ ಆಯ್ತು?"

"ಇಲ್ಲಿ ನಾನಿದ್ದೆನಲ್ಲ."

ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡೆ. ಆದರೂ ಗಂಜಿ ತಿನ್ನಲಿಲ್ಲ.

ಮುಂದಿನ ಸಲ ಮಣಿಪಾಲಕ್ಕೆ ಹೋದಾಗ ಅಮ್ಮನನ್ನು ಹೊರಗೆ ಕೂರಿಸಿ ಡಾಕ್ಟರ ಹತ್ತಿರ ನೇರ ಕೇಳಿದೆ, "ನಾನು ಸಾಯುತ್ತೇನಾ?"

"ಗುಣವಾಗುವ ಸಾಧ್ಯತೆಯೇ ಹೆಚ್ಚು. ಆದರೆ ಮಾತು ಕೊಡಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದಳು. ಆಮೇಲೆ ಪೆನ್ನು ಕೆಳಗಿಟ್ಟು, "ಒಂದು ವೇಳೆ ನಿಮಗೆ ಹೇಳಲಿಕ್ಕೆ ಆಗದ ಸ್ಥಿತಿ ಬಂದರೆ ನಿಮ್ಮ ಪರವಾಗಿ ಯಾರು ಹೇಳಬೇಕು?" ಎಂದು ಕೇಳಿದಳು. ಕಾಯಿಲೆ ಶುರುವಾದಾಗಿನಿಂದ ನನಗೆ ಸಿಕ್ಕಿದ ಮೊದಲ ಸರಿಯಾದ ಪ್ರಶ್ನೆ ಅದು.

"ನನ್ನ ಅಕ್ಕನ ಮಗಳು" ಎಂದೆ, ಯೋಚಿಸದೆ.

ದೀಕ್ಷಾಳಿಗೆ ಎಲ್ಲ ಹೇಳಿದೆ. ಕೊಳವೆ ಬೇಡ. ಕೊಳ್ಳಿ ಇಡುವುದು ನೀನು. ಸುಡುವುದು ಕಾಪುವಿನಲ್ಲೇ. ಅವಳು ಅಳುತ್ತಲೇ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಸತ್ತ ಹುಡುಗನ ಸಂಬಂಧದ ವಿಷಯಕ್ಕೆ ಬಂದಾಗ ಅಳು ನಿಂತಿತು.

"ನನ್ನ ಮದುವೆಗೋಸ್ಕರವಾ? ನನ್ನನ್ನು ಕೇಳಿದ್ದಾರಾ? ಇಂಥದ್ದಕ್ಕೆಲ್ಲ ನಿಲ್ಲುವ ಮದುವೆಯಾದರೆ ನಿಲ್ಲಲಿ ಚಿಕ್ಕಮ್ಮ." ಸಿಟ್ಟಾದಾಗ ಅವಳ ಗಂಟಲೂ ನನ್ನ ಗಂಟಲಿನ ಹಾಗೆಯೇ.

ನಾನು ದೈವವನ್ನು ನಂಬುವವಳು. ಇದು ಓದುವವರಿಗೆ ಗೊತ್ತಾಗಬೇಕು. ಸತ್ತವರು ಉಣ್ಣಲು ಬರುತ್ತಾರೆ ಎಂದೂ ನಂಬುತ್ತೇನೆ. ನಂಬದವಳಾಗಿದ್ದರೆ ಸತ್ತ ಮೇಲೆ ಯಾರಿಗೆ ಬೇಕಾದರೂ ಕಟ್ಟಿ ಎಂದು ನಕ್ಕು ಸುಮ್ಮನಿರಬಹುದಿತ್ತು. ನಂಬಿದ್ದರಿಂದಲೇ ಉರಿ. ನಾನು ಹೋಗಲಿರುವ ಮನೆಗೆ ನನ್ನನ್ನು ಕೇಳದೆ ಯಾರನ್ನೋ ತಂದು ಕೂರಿಸುವುದು ಯಾವ ನ್ಯಾಯ?

ಹಾಗಾಗಿ ಅದು ತೀರ್ಮಾನವಾಗಬೇಕಾದಲ್ಲಿಗೇ ಹೋದೆ. ರಕ್ತದ ಪರೀಕ್ಷೆ ಸರಿ ಬಂದ ವಾರ ಕುಟುಂಬದ ಮನೆಯಲ್ಲಿ ಸಂಕ್ರಮಣದ ತಂಬಿಲ ಇತ್ತು, ದೈವಕ್ಕೆ ಎಳನೀರು, ಅವಲಕ್ಕಿ, ಹೂ ಇಟ್ಟು ಪ್ರಾರ್ಥಿಸುವ ದಿನ. ದೀಕ್ಷಾ ಕಾರು ಓಡಿಸಿದಳು. ಅಮ್ಮ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ನಾನು ಮಾಸ್ಕು, ಟೊಪ್ಪಿ ಹಾಕಿಕೊಂಡು ದೈವದ ಕೋಣೆಯ ಮುಂದೆ ನಿಂತಾಗ ಜನ ಬದಿಗೆ ಸರಿದರು. ರೋಗಕ್ಕೆ ಹೆದರಿಯೋ, ನನಗೆ ಹೆದರಿಯೋ ಗೊತ್ತಿಲ್ಲ.

ಮಾವ ಎಲ್ಲರ ಪರವಾಗಿ ಪ್ರಾರ್ಥನೆ ಹೇಳಿದರು. ಮಕ್ಕಳ ವಿದ್ಯೆ, ಬೆಳೆ, ಹೊರಗೆ ದುಡಿಯುವವರ ಕ್ಷೇಮ. ನನ್ನ ಆರೋಗ್ಯವನ್ನೂ ಹೇಳಿದರು. ಮುಗಿಸಿ ಪ್ರಸಾದ ಎತ್ತುವಾಗ ಮುಂದೆ ಬಂದೆ.

"ಮಾವ, ಇನ್ನೊಂದು ಮಾತು ಸೇರಿಸಬೇಕು. ಸುಜಯಾ ಸತ್ತರೆ ಅವಳಿಗೆ ಕುಲೆ ಮದುವೆ ಮಾಡುವುದಿಲ್ಲ ಎಂದು ಇಲ್ಲಿ ಹೇಳಿ."

ಹೆಂಗಸರು ಅಲ್ಲಿ ನಿಂತು ಹಾಗೆಲ್ಲ ಮಾತಾಡುವ ಕ್ರಮವಿಲ್ಲ. ಯಾರೋ ಕೆಮ್ಮಿದರು. ಮಾವ ಪ್ರಸಾದ ಕೆಳಗಿಟ್ಟು, ಉಯ್ಯಾಲೆ ಮಂಚದ ಮೇಲಿನ ದೈವದ ಖಡ್ಗದ ಕಡೆ ನೋಡಿದರು.

"ಆ ಮಾತು ನಾನು ಕೊಡುವುದಿಲ್ಲ" ಎಂದರು. "ಸುಳ್ಳು ಮಾತನ್ನು ಇಲ್ಲಿ ಕೊಡಲಿಕ್ಕಾಗುವುದಿಲ್ಲ ಮಗಾ. ನೀನು ಹೋಗಿಬಿಡ್ತಿ. ಉಳಿಯುವವರು ನಾವು. ನಾಳೆ ಒಂದು ಮಗುವಿಗೆ ಜ್ವರ ಬಂದರೆ, ಒಂದು ಸಂಬಂಧ ತಪ್ಪಿದರೆ, ಎಲ್ಲರೂ ನನ್ನ ಮುಖ ನೋಡ್ತಾರೆ. ಹೆದರುವವರು ನಾವು, ನೀನಲ್ಲ."

ಪ್ರಾಮಾಣಿಕ ಉತ್ತರ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಸುಳ್ಳಾಡಿದ್ದರೆ ಬೈದು ಹಗುರಾಗಬಹುದಿತ್ತು. ದೀಕ್ಷಾ ಹಿಂದಿನಿಂದ ನನ್ನ ಬೆನ್ನಿಗೆ ಕೈ ಕೊಟ್ಟಳು. ಮಾಸ್ಕು ಕೆಳಗೆಳೆದು, ಮೈದಾನದಲ್ಲಿ ಕೂಗುವ ಗಂಟಲಿನಲ್ಲಿ ದೈವಕ್ಕೇ ಹೇಳಿದೆ.

"ಹಾಗಾದರೆ ಮಾತು ನಾನು ಕೊಡ್ತೇನೆ. ನಾನು ಸತ್ತ ಮೇಲೆ ಈ ಕುಟುಂಬದ ಯಾವ ಮಗುವಿಗೂ, ಯಾರ ಮದುವೆಗೂ ಅಡ್ಡ ಬರುವುದಿಲ್ಲ. ಯಾರ ಕನಸಿನಲ್ಲೂ ಬಂದು ಗಂಡ ಬೇಕು ಅಂತ ಕೇಳುವುದಿಲ್ಲ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ, ಅದು ನಾನಲ್ಲ. ಸಂಬಂಧ ತಪ್ಪಿದರೆ ಬೇರೆ ನೋಡಿ, ಅದೂ ನಾನಲ್ಲ. ಇದಕ್ಕೆ ನೀನೇ ಸಾಕ್ಷಿ. ಬದುಕಿರುವಷ್ಟು ದಿನ ತೊಂದರೆ ಕೊಡ್ತೇನೆ, ಅದು ಬೇರೆ."

ಕೊನೆಯ ಮಾತಿಗೆ ಹಿಂದೆ ಯಾರೋ ನಕ್ಕುಬಿಟ್ಟರು. ಮಾವ ನಗಲಿಲ್ಲ. ದೈವದ ಕಡೆ ತಿರುಗಿ ಕೈಮುಗಿದು, ಪ್ರಾರ್ಥನೆಯ ಅದೇ ಗತ್ತಿನ ಸ್ವರದಲ್ಲಿ, "ಹುಡುಗಿ ಒಂದು ಮಾತು ಕೊಟ್ಟಿದ್ದಾಳೆ. ಕೇಳಿದವನು ನೀನು. ನಾವೂ ಕೇಳಿದ್ದೇವೆ" ಎಂದರು. ಅಷ್ಟು ಮಾಡಿದರು. ಅದಕ್ಕಿಂತ ಹೆಚ್ಚು ಮಾಡಲಿಲ್ಲ.

ಉಳಿದ ಕೀಮೊಗಳು ಮುಗಿದವು. ಸ್ಕ್ಯಾನಿನಲ್ಲಿ ಗಂಟುಗಳು ಇಲ್ಲವೆಂದು ಬಂತು. ಈಗಲೂ ಆಗಾಗ ಹೋಗಿ ತೋರಿಸಬೇಕು, ಪ್ರತಿ ಸಲವೂ ಕಾಯುವ ಕುರ್ಚಿಯಲ್ಲಿ ಕುಳಿತು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತೇನೆ. ಜೊಹರಾ ಉಳಿಯಲಿಲ್ಲ. ಅವಳ ಮಗ ಒಮ್ಮೆ ವಾರ್ಡಿಗೆ ಬಂದಿದ್ದ, ಉಳಿದ ಮಾತ್ರೆಗಳನ್ನು ಬೇರೆ ಯಾರಿಗಾದರೂ ಆಗಲಿ ಎಂದು ಕೊಡಲು. ಬಟ್ಟೆ ಅವಳು ಹೇಳಿದ ಜಾಗದಲ್ಲೇ ಇತ್ತು ಎಂದು ನನಗೆ ಹೇಳಿ ಗೋಡೆಯ ಕಡೆ ತಿರುಗಿದ. ದೀಕ್ಷಾಳ ಮದುವೆ ಯಾವ ಅಡ್ಡಿಯೂ ಇಲ್ಲದೆ ನಡೆಯಿತು. ಕಾರ್ಕಳದ ಆ ಹುಡುಗನಿಗೂ ಬೇರೆ ಕಡೆ ಹೆಣ್ಣು ಸಿಕ್ಕಿ ಮದುವೆಯಾಯಿತಂತೆ. ಅವನ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅವರನ್ನು ಕರೆತಂದವರ ಮೇಲೆ, ಮತ್ತು ಅದು ಹಾಗೆಯೇ ಉಂಟು.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ದಿನ ಅಮ್ಮ ಕೋಳಿ ಸಾರಿಗೆ ತೆಂಗಿನಕಾಯಿ ತುರಿಯುತ್ತಿದ್ದಳು. ನಾನು ಬಾಳೆಲೆ ಒರೆಸುತ್ತಿದ್ದೆ. ಅಜ್ಜಿಗೆ ಒಂದು, ಅಪ್ಪನಿಗೆ ಒಂದು. ಎಲೆಗೆ ಬಡಿಸಿ, ಬಾಗಿಲು ಎಳೆದುಕೊಂಡು, ಅವರು ಉಣ್ಣುವಷ್ಟು ಹೊತ್ತು ನಾವು ಹೊರಗೆ ಕೂರುತ್ತೇವೆ.

ಅಮ್ಮ ತುರಿಯುವುದನ್ನು ನಿಲ್ಲಿಸಿದಳು.

"ನಾನು ಹೋದ ಮೇಲೆ ನನ್ನ ಎಲೆ ನಿನ್ನ ಅಪ್ಪನ ಎಲೆಯ ಪಕ್ಕ ಹಾಕಬೇಡಿ."

ಕೈಯ ಬಟ್ಟೆ ಎಲೆಯ ಮೇಲೆಯೇ ನಿಂತಿತು. "ಎಂತ ಅಮ್ಮ?"

"ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತ ಬೈಗುಳ ಕೇಳಿಕೊಂಡೇ ಅವರೊಟ್ಟಿಗೆ ಇಷ್ಟು ವರ್ಷ ಉಂಡಿದ್ದೇನೆ. ಅಲ್ಲಿಯಾದರೂ ನೆಮ್ಮದಿಯಲ್ಲಿ ಉಣ್ತೇನೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ದಾರೆ?"

ನನಗೆ ಮತ್ತೆ ಸಿಟ್ಟು ಬಂತು, ಈ ಸಲ ಅವಳ ಪರವಾಗಿ. ಗಂಡನೊಬ್ಬ ಇದ್ದಿದ್ದರೆ ಎಂದು ಆಸ್ಪತ್ರೆಯಲ್ಲಿ ನನಗಾಗಿ ಅತ್ತವಳು ಇವಳೇ.

"ಒಬ್ಬಳೇ ಆಗ್ತೇನೆ ಅಂತ ಹೆದರಿಕೆ ಇಲ್ವಾ?" ಎಂದೆ.

"ಎಂತ ಒಬ್ಬಳೇ? ನೀನು ಬರ್ತಿಯಲ್ಲ, ನಿಧಾನಕ್ಕೆ. ಅವಸರ ಎಂತ ಇಲ್ಲ." ಸೆರಗಿಗೆ ಕೈ ಒರೆಸಿಕೊಂಡು, ಫೋನು ಕೊಡು ಎಂದಳು. ದೀಕ್ಷಾಳಿಗೆ ಮಾಡಿದಳು. ಬ್ಯಾಂಕಿನ ಗದ್ದಲದಲ್ಲಿ ಆ ಹುಡುಗಿಗೆ ಕೇಳಿಸಲೆಂದು ಜೋರಾಗಿ, ನೆರೆಮನೆಗೂ ಕೇಳುವ ಹಾಗೆ ಹೇಳಿದಳು:

"ನೋಡು ಮಗಾ, ಮುಂದೆ ಬಡಿಸುವವಳು ನೀನೇ. ನನಗೂ ನಿನ್ನ ಚಿಕ್ಕಮ್ಮನಿಗೂ ಎರಡು ಎಲೆ, ಹತ್ತಿರ ಹತ್ತಿರ ಹಾಕು. ನಡುವೆ ಯಾರದ್ದೂ ಬೇಡ."